ನೆಲ ಕಾಣುವ ಸೀಟು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಿಟಕಿ ತೆರೆಯುತ್ತೇನೆ.
ಸೆಪ್ಟೆಂಬರ್ ಮುಗಿಯುತ್ತ ಬಂದರೂ ಮನಾಮಾದ ಗಾಳಿ
ಇನ್ನೂ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.
ಗಾಜಿನ ಆಚೆ ಸಾಲು; ಈಚೆ ಎಸಿ, ನಾನು,
ಆರುನೂರ ಹನ್ನೆರಡು ಕುರ್ಚಿಗಳ ನಕ್ಷೆ.

ನಗರದ ಬ್ಯಾಲೆ ಕಂಪನಿಯ ಈ ವರ್ಷದ ತಿರುಗಾಟ.
ತಿರುಗಾಟವೆಂದರೆ ನಮ್ಮ ಕಡೆಯ ಮಾತು, ಮೇಳ ಊರೂರಿಗೆ ಹೊರಡುವುದು.
ಇವರು ಎಲ್ಲಿಗೂ ಹೊರಡುವುದಿಲ್ಲ,
ಇದ್ದಲ್ಲೇ ತಿರುಗುತ್ತಾರೆ, ಒಂದೇ ಕಾಲಿನ ಮೇಲೆ.

ಅಕ್ಟೋಬರಿಗೆ ‘ಗಡಿಯಾರದವನ ಮನೆ’.
ಡಿಸೆಂಬರಿಗೆ ‘ಹಿಮದ ಅಂಚೆ’. ಅದಕ್ಕೆಂದೇ
ಹನ್ನೊಂದು ಚೀಲ ಕಾಗದದ ಹಿಮ ಬಂದು ಬಿದ್ದಿದೆ ಗೋದಾಮಿನಲ್ಲಿ,
ಕಾವಲಿನ ಇದ್ರೀಸ್ ಅದರ ಮೇಲೇ ಮಧ್ಯಾಹ್ನದ ನಿದ್ದೆ ತೆಗೆಯುತ್ತಾನೆ.
ಮುಂದಿನ ಸಾಲು ಮೂವತ್ತು ದಿನಾರ್, ನಡುವಿನದು ಹದಿನೆಂಟು,
ಹನ್ನೆರಡರ ಒಳಗಿನ ಮಕ್ಕಳಿಗೆ ಅರ್ಧ, ಕೊಂಡ ಟಿಕೆಟ್ಟು ವಾಪಸಿಲ್ಲ.
ದಿನಕ್ಕೆ ಇನ್ನೂರು ಸಲ ಹೇಳುತ್ತೇನೆ,
ಮೂರು ಭಾಷೆಯಲ್ಲಿ, ಒಂದೇ ನಗೆಯಲ್ಲಿ.

ಇಪ್ಪತ್ತು ಸೀಟು ಒಟ್ಟಿಗೆ ಕೇಳುವ ಬ್ಯಾಂಕಿನವರು.
ಮಗಳ ತುರುಬು ಬಿಗಿದು ಕರೆತರುವ ತಾಯಂದಿರು; ಆ ಹುಡುಗಿಯರು
ಸಾಲಿನಲ್ಲೂ ಪಾದ ಹೊರಳಿಸಿಯೇ ನಿಲ್ಲುತ್ತಾರೆ, ಬಾತುಗಳು.
ಎಲ್ಲರೂ ಕೇಳುವುದು ಒಂದೇ: ಮುಖ ಕಾಣುತ್ತದೆಯೇ?

ಹನ್ನೆರಡೂವರೆಗೆ, ಸಾಲು ಕರಗಿದ ಮೇಲೆ, ಒಬ್ಬರು.
ಕಿವಿಯ ಹಿಂದೆ ಪೆನ್ಸಿಲು.
ನನ್ನ ಅಂಗಿಯ ಮೇಲಿನ ಹೆಸರು, ರತ್ನಾವತಿ, ಓದಿ
ಅರಬ್ಬಿಯನ್ನು ಅರ್ಧಕ್ಕೇ ಬಿಟ್ಟು ‘ಊರು ಎಲ್ಲಿ?’ ಎಂದರು.
ಬೈಂದೂರಿನ ಹತ್ತಿರ. ಅವರದು ಕಾರ್ಕಳ, ಮೋನಪ್ಪ ಆಚಾರಿ.
ಅಲ್ಲಿಗೆ ಊರಿನ ಮಾತು ಮುಗಿಯಿತು.
‘ನೆಲ ಕಾಣುವ ಸೀಟು ಬೇಕಿತ್ತು ಅಕ್ಕ.’

ಟೆಂಟಿನ ಆಟಕ್ಕೆ ನೆಲ, ಬೆಂಚು, ಕುರ್ಚಿ ಎಂದು
ಮೂರು ದರ ಇದ್ದದ್ದು ನನಗೂ ನೆನಪಿದೆ.
ಇಲ್ಲಿ ನೆಲದ ಟಿಕೆಟ್ಟಿಲ್ಲ ಅಣ್ಣ, ಎಲ್ಲ ಕುರ್ಚಿಯೇ ಎಂದೆ.

‘ಕೂರಲಿಕ್ಕಲ್ಲ, ನೋಡಲಿಕ್ಕೆ.
ರಂಗದ ನೆಲ ನಾವು ಹಾಕಿದ್ದು, ಮೇ ತಿಂಗಳಲ್ಲಿ, ಏಳು ಜನ.
ಕೆಳಗೆ ರಬ್ಬರು, ಅದರ ಮೇಲೆ ಅಡ್ಡಪಟ್ಟಿ, ಆಮೇಲೆ ಉದ್ದ,
ಆಮೇಲೆ ಹಲಗೆ. ಒಂದು ಮೊಳೆ ತಲೆ ಎತ್ತಬಾರದು.
ಹಾರಿ ಬಿದ್ದವರ ಭಾರ ನೆಲ ನುಂಗಬೇಕಂತೆ,
ಒಂದು ಕೂದಲೆಳೆ ತಗ್ಗಿ ಮತ್ತೆ ಎತ್ತಿ ಕೊಡಬೇಕಂತೆ.
ನಾವೂ ಹಾರಿ ನೋಡಿದೆವು, ಸೇಫ್ಟಿ ಬೂಟಿನಲ್ಲಿ.
ಅದು ಲೆಕ್ಕಕ್ಕಿಲ್ಲ.’

ನಕ್ಷೆ ಅವರ ಕಡೆ ತಿರುಗಿಸಿದೆ.
ಮೂವತ್ತು ದಿನಾರಿಗೆ ನೆಲ ಕಾಣುವುದಿಲ್ಲ, ಬರೀ ಒಂದು ಗೆರೆ.
ಕಾಣುವುದು ಕೊನೆಯ ಬಾಲ್ಕನಿಗೆ, ಮೂರೂವರೆಯದಕ್ಕೆ;
ಅಲ್ಲಿಂದ ಕುಣಿಯುವವರದು ಬರೀ ಬೈತಲೆ.
ಆದರೆ ಹೇಳಲೇಬೇಕಾಯಿತು:
ನಿಮ್ಮ ಹಲಗೆಯ ಮೇಲೆ ಬೂದು ಹಾಸು ಅಂಟಿಸಿದ್ದಾರೆ.
ಮರ ಈಗ ಯಾರಿಗೂ ಕಾಣುವುದಿಲ್ಲ.

ಪೆನ್ಸಿಲು ತೆಗೆದರು, ನೋಡಿದರು, ಮತ್ತೆ ಸಿಕ್ಕಿಸಿಕೊಂಡರು.
‘ಕೇಳುತ್ತದೆಯೋ?’

ಹಿಂದಿನ ಕೋಣೆಯ ಸ್ಪೀಕರಿನಲ್ಲಿ ತಾಲೀಮು ಕೇಳಿ ಗೊತ್ತು,
ಸಭಾಂಗಣದ ಒಳಗೆ ನಾನು ಒಮ್ಮೆಯೂ ಕೂತವಳಲ್ಲ.
ಎರಡನೇ ಅಂಕದಲ್ಲಿ ಗಡಿಯಾರಗಳೆಲ್ಲ ನಿಲ್ಲುತ್ತವೆ.
ವಾದ್ಯದವರು ಬಿಲ್ಲು ಇಳಿಸುತ್ತಾರೆ.
ಹದಿನೆಂಟು ಹುಡುಗಿಯರು ಬೆರಳ ತುದಿಯಲ್ಲಿ ರಂಗ ದಾಟುತ್ತಾರೆ,
ನಲವತ್ತು ಸೆಕೆಂಡು.
ಗರಿಯಷ್ಟು ಹಗುರ ಎನ್ನುತ್ತದೆ ನಮ್ಮ ಕರಪತ್ರ. ಸುಳ್ಳು.
ಕರುಗಳು ಹಲಗೆ ಸಂಕ ದಾಟುವ ಸದ್ದು ಅದು.

‘ಎಷ್ಟು ಹೊತ್ತಿಗೆ?’
ಒಂಬತ್ತು ಹತ್ತಕ್ಕೆ.
ಅಂಗೈ ಮೇಲೆ ಬರೆದುಕೊಂಡರು.

ಬಾಲ್ಕನಿ, ಕೊನೆಯ ಸಾಲು, ಗುರುವಾರ, ಒಂದು.
ಉಳಿದ ಆರು ಜನ? ಎಂದೆ.
‘ನಾಲ್ವರು ದಮ್ಮಾಮಿಗೆ ಹೋದರು. ಒಬ್ಬ ವೀಸಾ ಮುಗಿದು ಊರಿಗೆ.
ಇನ್ನೊಬ್ಬನಿಗೆ ಇಂಥದ್ದೆಲ್ಲ ಆಗುವುದಿಲ್ಲ.’
ಟಿಕೆಟ್ಟಿನ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು,
ಸಿಬರು ಇದೆಯೋ ಎಂದು.

ಆಗ ಮಾತ್ರ ಕೆಮ್ಮಬೇಡಿ, ಎಂದೆ.

ನಕ್ಷೆಯಲ್ಲಿ ಅವರ ಪಕ್ಕದ್ದು ಇನ್ನೂ ಹಸಿರು.
ಆ ಗುರುವಾರ ನನ್ನ ಪಾಳಿ ಎಂಟೂವರೆಗೇ ಮುಗಿಯುತ್ತದೆ.
ಬೆರಳು ಇಟ್ಟಿದ್ದೇನೆ, ಒತ್ತಿಲ್ಲ.