ಹೆಪ್ಪಿನ ಬಿಸಿ

ಶನಿವಾರ ನಾಲ್ಕು ಚೀಲ ತೊಗಟೆಚೂರು ತಂದು
ಬದನೆ, ಬಸಳೆ, ಕರಿಬೇವಿನ ಬುಡಕ್ಕೆಲ್ಲ
ಹಾಸಿಗೆ ಹಾಸಿದ ಹಾಗೆ ಹಾಸಿದೆ.
ಭಾನುವಾರ ಬೆಳಕು ಹರಿಯುವಷ್ಟರಲ್ಲಿ
ಹಾಸಿಗೆ ಬೇಲಿಯ ಮೂಲೆಗೆ ನಡೆದುಹೋಗಿತ್ತು.

ಕಪ್ಪು ಕೋಟು, ಬೋಳು ಕೆಂಪು ತಲೆ,
ಕೊರಳಲ್ಲಿ ಹಳದಿ ಜೋಲು.
ಮದುವೆಮನೆಯಲ್ಲಿ ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ,
ಆದರೂ ನಿಂತು ಎಲೆ ಹಾಕಿಸುವವನ ಗತ್ತು.
ನನಗೆ ಬೆನ್ನು ಮಾಡಿ ಹಿಂದಕ್ಕೆ ಒದೆಯುತ್ತಾನೆ:
ಒಂದು ಕಾಲು ಮೂರು ಸಲ, ಇನ್ನೊಂದು ಎರಡು ಸಲ,
ನನ್ನ ಮುಖಕ್ಕೆ ಮಣ್ಣು.

ಬುಷ್ ಟರ್ಕಿ, ಅಂದರು ಬೇಲಿಯಾಚೆಯ ಮೋರಿನ್.
ಕೆನ್‌ಮೋರಿಗೆ ನೀವು ಹೊಸಬರೇನೋ.
ಹನ್ನೊಂದು ವರ್ಷವಾಯ್ತು, ಅಂದೆ.
ಅವನ ಲೆಕ್ಕದಲ್ಲಿ ಹೊಸಬರೇ, ಅಂದರು.

ಕನ್ನಡಿ ಇಡಿ ಅಂದರು, ಇಟ್ಟೆ.
ಅದರೊಳಗಿನವನ ಜೊತೆ ಅರ್ಧ ದಿನ ಜಗಳವಾಡಿ
ಇಬ್ಬರನ್ನೂ ಎಲೆ ಮುಚ್ಚಿ ಹೂತುಬಿಟ್ಟ.
ಕಲ್ಲು ಹೇರಿದೆ. ಕಲ್ಲಿನ ಸಂದಿಯಿಂದ ಕೆರೆದ.
ಕೌನ್ಸಿಲ್ಲಿಗೆ ಫೋನು ಮಾಡಿದರೆ
ದನಿಯೇನೋ ಜೇನು, ಮಾತು ಖಡಾಖಂಡಿತ:
ಗುಡ್ಡೆಯಲ್ಲಿ ಮೊಟ್ಟೆ ಕೂತ ಮೇಲೆ ಮುಟ್ಟುವಂತಿಲ್ಲ,
ಕಾನೂನು ಅವನ ಕಡೆ.

ಹಿತ್ತಿಲು ನನ್ನ ಹೆಸರಲ್ಲಿದೆ. ಸಾಲವೂ.

ಪದ್ಮರಾಜ, ಹುಟ್ಟಿದಾಗಿನಿಂದ ಗೆಡ್ಡೆ ಮುಟ್ಟದವನು,
ಬಸದಿಯ ಕಟ್ಟೆಯೇನೋ ಎಂಬಂತೆ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು
ಇರಲಿ ಬಿಡೇ, ಜೀವ, ಅನ್ನುತ್ತಾನೆ.
ಬದನೆ ಜೀವವಲ್ಲವೇನು ಅಂತ ಕೇಳಿದರೆ
ಟೀ ಮಾಡಲು ಒಳಗೆ ಹೋಗುತ್ತಾನೆ.

ನಾನು ಕೈಗಾಡಿಯಲ್ಲಿ ತುಂಬಿ ತರುತ್ತೇನೆ,
ಅವನು ಒದ್ದು ಒಯ್ಯುತ್ತಾನೆ.
ಒಂದು ವಾರ. ಮೂರು.
ಜಕರಂಡ ಉದುರಿತು; ನೇರಳೆ ಹೂವನ್ನೂ ಬಿಡಲಿಲ್ಲ.
ಮೊಣಕಾಲಿಗಿದ್ದ ಗುಡ್ಡೆ ಸೊಂಟಕ್ಕೆ ಬಂತು.

ಆಮೇಲೊಂದು ಬೆಳಗ್ಗೆ, ಬೈಯಲೆಂದೇ ಹೊರಟವಳು ನಿಂತೆ.
ಗುಡ್ಡೆಯ ನೆತ್ತಿಯಲ್ಲಿ ಗುಂಡಿ ತೋಡಿ
ಕತ್ತಿನವರೆಗೂ ತಲೆ ಹೂತು
ಕೊಕ್ಕಿನ ತುಂಬ ಕೊಳೆತೆಲೆ ಕಚ್ಚಿ
ಸುಮ್ಮನೆ ಇದ್ದ.
ಹೊರಬಂದು ಎರಡು ಹಿಡಿ ಕೆಳಗೆ ತಳ್ಳಿದ.
ಮತ್ತೆ ತಲೆ ಹೂತ. ಮತ್ತೆ ಒಂದು ಹಿಡಿ.
ಈ ಕೆಲಸ ನನಗೆ ಗೊತ್ತು.
ರಾತ್ರಿ ಹೆಪ್ಪು ಹಾಕುವ ಮುನ್ನ
ಹಾಲಿಗೆ ಕಿರುಬೆರಳು ಅದ್ದಿ ಹತ್ತು ಎಣಿಸುವುದು:
ಚುರುಕ್ಕೆಂದರೆ ಒಡೆಯುತ್ತದೆ, ತಣ್ಣಗಿದ್ದರೆ ಲೋಳೆ.
ಥರ್ಮಾಮೀಟರು ಯಾರ ಅಡಿಗೆಮನೆಯಲ್ಲಿತ್ತು?

ಹೆಣ್ಣುಗಳು ಬಂದವು, ಒಂದೊಂದೇ,
ಬಾಡಿಗೆ ಮನೆ ನೋಡಲು ಬಂದವರ ಹಾಗೆ
ಮೂಗು ಸಿಂಡರಿಸುತ್ತ.
ಮೊಟ್ಟೆಯಿಟ್ಟು ತಮ್ಮ ಪಾಡಿಗೆ ಹೋದವು.

ಡಿಸೆಂಬರಿನಲ್ಲಿ ಉಡ ಬಂತು,
ಮೂಗಿನಿಂದ ಬಾಲದ ತುದಿಗೆ ನನ್ನಷ್ಟುದ್ದ,
ಸೀಳುನಾಲಿಗೆಯಲ್ಲಿ ಗಾಳಿ ನೆಕ್ಕುತ್ತ ನೇರ ಗುಡ್ಡೆಗೆ.
ಮೂರು ತಿಂಗಳು ಅವನಿಗೆ ಶಾಪ ಹಾಕಿದವಳು
ಚಪ್ಪಲಿ ಕಿತ್ತು ಬೀಸಿ ಎಸೆದೆ.
ಅದಕ್ಕೂ ಕಾನೂನಿದೆ, ಅಂದರು ಮೋರಿನ್, ನಗುತ್ತ.
ಚಪ್ಪಲಿ ಈಗ ಗುಡ್ಡೆಯೊಳಗೆಲ್ಲೋ ಇದೆ.

ಜನವರಿಯ ಕಸದ ದಿನ, ತೊಟ್ಟಿ ಎಳೆಯುತ್ತಿದ್ದೆ.
ಗುಡ್ಡೆಯ ಬದಿಯಲ್ಲಿ ಮಣ್ಣು ಅಲುಗಿತು.
ಮುಷ್ಟಿಯಷ್ಟು ಕಂದು ಮುದ್ದೆ, ರೆಕ್ಕೆ ಆಗಲೇ ಪೂರ್ತಿ,
ಕೆಮ್ಮಿದ ಹಾಗೆ ಧೂಳು ಕೊಡವಿತು.
ಅಪ್ಪ ಎರಡು ಮಾರು ದೂರದಲ್ಲೇ ಇದ್ದ.
ಒದೆಯುವ ರಭಸದಲ್ಲಿ ಅದನ್ನೂ ಒದ್ದ,
ಎಲೆಯ ಜೊತೆ ಇನ್ನೊಂದು ಎಲೆ.
ಉರುಳಿತು, ಎದ್ದಿತು,
ಬೇಲಿಯ ಸಂದಿಯಿಂದ ಮೋರಿನ್ ಕಡೆಗೆ ಓಡಿತು.
ತಿರುಗಿ ನೋಡಲಿಲ್ಲ.
ನೋಡಬೇಕೆಂದು ಹೇಳಿಕೊಟ್ಟವರು ಯಾರು.

ಸಂಜೆ ಅವನು ಗಮ್ ಮರವೇರಿ ಮಲಗಿದ ಮೇಲೆ
ಕಳ್ಳಿಯ ಹಾಗೆ ಹೋಗಿ ಗುಡ್ಡೆಯಲ್ಲಿ
ಮಣಿಕಟ್ಟಿನವರೆಗೂ ಕೈ ಇಳಿಸಿದೆ. ಹತ್ತು ಎಣಿಸಿದೆ.
ಬಿಸಿ ಒಂದು ಕೂದಲೆಳೆ ಹೆಚ್ಚಾಯಿತೆನ್ನಿಸಿ
ಒಂದು ಹಿಡಿ ಎಲೆ ತೆಗೆದು ಪಕ್ಕಕ್ಕಿಟ್ಟೆ.

ಬೆಳಗ್ಗೆ ನೋಡಿದರೆ
ಅದನ್ನು ವಾಪಸು ಹಾಕಿದ್ದ.