ಒಳಬಂದವುಗಳ ರುಜು

ಹತ್ತು ವರ್ಷ ನಾವು ರುಜು ಹಾಕಿಯೇ ಕಳಿಸುತ್ತಿದ್ದೆವು,
ಹೊರಹೋಗುವ ಒಂದೊಂದು ಪ್ಯಾಕೆಟ್ಟಿಗೂ
ಹದಿನಾರು ಬೈಟಿನ ರುಜು.
ಒಳಬರುವುದರ ಮೇಲೂ ಇರುತ್ತಿತ್ತು.
ಇದೆಯೋ ಎಂದು ನೋಡುತ್ತಿದ್ದೆವು,
ಯಾರದೆಂದು ನೋಡುತ್ತಿರಲಿಲ್ಲ.

ಕಂಡುಹಿಡಿದವಳು ನಾನಲ್ಲ, ಮೆಹಜಬೀನ್.
ಹಲಸೂರು ಕೆರೆ ಕಾಣುವ ಕಿಟಕಿಯ ಪಕ್ಕ
ಬಾಯಲ್ಲಿ ಬನ್ನಿನ ಚೂರಿಟ್ಟುಕೊಂಡೇ ಕೇಳಿದಳು:
ಈ ಫಂಕ್ಷನ್ನು ಏನು ಬಂದರೂ ಹೂಂ ಅನ್ನುತ್ತಲ್ಲ?

ಅನ್ನುತ್ತಿತ್ತು. ಮೇಲೊಂದು ಕಾಮೆಂಟು ಬೇರೆ,
'ಆಮೇಲೆ ನೋಡೋಣ'.
ಪಕ್ಕದಲ್ಲಿ ನನ್ನದೇ ಹೆಸರು.

ಚೆಕ್‌ಸಮ್ ಇತ್ತಲ್ಲ, ಅಂದೆ.
ದಾರಿಯಲ್ಲಿ ಹರಿದಿಲ್ಲ ಅನ್ನುವುದಕ್ಕೆ ಅದು ಸಾಕು.
ಹರಿಯದ ಅಂಗಿ ಯಾರ ಮನೆಯದೆಂದು
ಅದಕ್ಕೆ ಹೇಗೆ ಗೊತ್ತು?
ವೈಯಾಲಿಕಾವಲಿನ ನಮ್ಮ ಬೀದಿಗೆ
ಬಟ್ಟೆ ಒಗೆದು ತರುತ್ತಿದ್ದ ಮಾಚಕ್ಕ
ಕಾಲರು ಹೊರಳಿಸಿ, ಗೇರುಕಾಯಿ ಮಸಿಯ
ಮೂರು ಚುಕ್ಕಿ ಒಂದು ಗೆರೆ ನೋಡಿಯೇ ಕೈಗೆ ಕೊಡುತ್ತಿದ್ದಳು.
ಹುಟ್ಟಿದಾಗಿನಿಂದ ನಮ್ಮನ್ನು ಬಲ್ಲವಳು.
ಆದರೂ ಹೊರಳಿಸುತ್ತಿದ್ದಳು.

ಕೂತು ಬರೆದೆ.
ಬಂದದ್ದರ ಚೆಕ್‌ಸಮ್ ಒರೆಸಿ ಸೊನ್ನೆ ಮಾಡು.
ತಲೆಯಿಂದ ಬಾಲದವರೆಗೆ ಅರೆ,
ಇಬ್ಬರಿಗೇ ಗೊತ್ತಿರುವ ಕೀಲಿಯನ್ನೂ ಹಾಕಿ ಅರೆ.
ಬಂದ ರುಜುವಿನ ಪಕ್ಕ ಇಟ್ಟು ನೋಡು.
ಮೊದಲ ಬೈಟೇ ತಪ್ಪಿದ್ದರೂ ಹದಿನಾರನ್ನೂ ಓದು,
ಮರ್ಯಾದೆಗಲ್ಲ:
ಎಲ್ಲಿ ಓದು ನಿಲ್ಲಿಸಿದೆವು ಎಂಬುದನ್ನು ಹೊರಗಿನವನು
ಗಡಿಯಾರ ಹಿಡಿದು ಲೆಕ್ಕ ಹಾಕಬಾರದು.
ತಾಳೆಯಾಗದಿದ್ದರೆ ಬೀಳಿಸು.
ಬೈಯಬೇಡ. ಉತ್ತರ ಕೊಡಬೇಡ.

ರಾತ್ರಿ ಹನ್ನೊಂದೂವರೆಗೆ ಬೂಟ್ ಮಾಡಿದರೆ
ಮೊದಲು ಬಿದ್ದದ್ದು ವೈಟ್‌ಫೀಲ್ಡಿನ
ನಮ್ಮದೇ ಯಂತ್ರದ ಮಾತು.
ಆಮೇಲೆ ಎರಡನೆಯದು, ಆಮೇಲೆ ಎಲ್ಲವೂ.
ಮೆಹಜಬೀನ್ ನಗಲಿಲ್ಲ. 'ಉದ್ದ' ಅಂದಳು, ಅಷ್ಟೇ.
ಪ್ಯಾಕೆಟ್ಟಿನ ಉದ್ದ ಬರೆದ ಎರಡು ಬೈಟನ್ನು
ಬಾಗಿಲಲ್ಲೇ ಯಾರೋ ನಮ್ಮ ಅನುಕೂಲಕ್ಕೆ
ಹಿಂದುಮುಂದು ಮಾಡಿಟ್ಟಿದ್ದರು.
ಅರೆಯುವ ಮುನ್ನ ಮೊದಲಿನಂತೆ ತಿರುಗಿಸಬೇಕು.
ಒಂದೇ ಸಾಲು.
ಆ ಸಾಲಿಗೆ ಎರಡು ಗಂಟೆ,
ಕೆಳಗಿನ ಗಾಡಿಯವನ ಕೊನೆಯ ಆಮ್ಲೆಟ್ಟು.

ಲಿಂಕು ಎದ್ದಿತು. ಮನೆಗೆ ಹೋದೆವು.

ಬೆಳಿಗ್ಗೆ ಎಣಿಕೆ ನೋಡಿದರೆ,
ಬೀಳಿಸಿದ್ದು ಹನ್ನೊಂದು.
ಹನ್ನೊಂದೂ ನಮ್ಮ ವಿಳಾಸಕ್ಕೇ, ನಮ್ಮವರ ಹೆಸರಲ್ಲೇ,
ರುಜುವಿನ ಜಾಗದಲ್ಲಿ ಎಂಥದೋ ಹದಿನಾರು ಬೈಟು.
ನಿನ್ನೆಯವರೆಗೂ ಸೊನ್ನೆಯಿತ್ತಲ್ಲ,
ನಿಮ್ಮ ಹೊಸ ಕೋಡಿನ ಕೆಲಸವಾ ಇದು,
ಎಂದ ಪೊನ್ನಪ್ಪ.

ಸೊನ್ನೆ ಇರಲಿಲ್ಲ, ಪೊನ್ನಪ್ಪ.
ನಾವು ಎಣಿಸುತ್ತಿರಲಿಲ್ಲ.