ನರಕದ ಡಬ್ಬಿ

ಶಿಕಾಗೋ. ಸಾವಿರದ ಒಂಬೈನೂರ ಹನ್ನೆರಡರ ಚಳಿ.
ಮಿಲ್ವಾಕಿ ಬೀದಿಯ ಅಚ್ಚುಕೂಟದಲ್ಲಿ
ರಾಗ್ನಾ ಮೊಳೆ ಜೋಡಿಸುತ್ತಾಳೆ, ನಿಂತೇ, ಹತ್ತು ತಾಸು.
ದೇವರ ಮಾತು ಅವಳಿಗೆ ಕಾಣುವುದು ತಲೆಕೆಳಗಾಗಿ,
ಸೀಸದಲ್ಲಿ, ತಣ್ಣಗೆ.

ಈ ತಿಂಗಳು ಒಂದೇ ಕೆಲಸ: ಪುಟ್ಟ ಪುಸ್ತಿಕೆ,
ಎರಡು ಲಕ್ಷ ಪ್ರತಿ, ಬೆಲೆಯಿಲ್ಲ.
ಊರೂರಿನ ಪಾದ್ರಿಗಳಿಗೆ, ಶಾಲೆಯ ಮಾಸ್ತರರಿಗೆ
ಅಂಚೆಯಲ್ಲಿ ಹೋಗುತ್ತದೆ.
ಯಾರ ದುಡ್ಡು?
ಎಣ್ಣೆಬಾವಿಯ ಧಣಿಯೊಬ್ಬನದಂತೆ,
ಹೆಸರು ಹಾಕಬೇಡಿ ಅಂದನಂತೆ.
ನೆಲದಾಳದ ಕಪ್ಪನ್ನು ಮೇಲೆತ್ತಿ ಮಾರಿದವನು
ಆಕಾಶಕ್ಕೆ ಬೇಲಿ ಹಾಕಿಸುತ್ತಿದ್ದಾನೆ.

ಪೂರ್ಣವಿರಾಮದ ಗೂಡು ಮಧ್ಯಾಹ್ನಕ್ಕೇ ಬರಿದಾಗಿ
ಪಕ್ಕದ ಅಚ್ಚುಕೂಟದಿಂದ ಕಡ ತರಬೇಕಾಯಿತು.
ಪ್ರಶ್ನೆಚಿಹ್ನೆಯ ಗೂಡಿನಲ್ಲಿ ಮಾತ್ರ
ದೂಳು, ಒಂದು ಸತ್ತ ನೊಣ.

*

ತಮ್ಮ ಟೋರ್ಲೈಫ್ ಕಸಾಯಿಖಾನೆಯಲ್ಲಿದ್ದಾನೆ.
ಸರಪಳಿಗೆ ನೇತುಬಿದ್ದ ಹಂದಿ ತಾನೇ ಸರಿದು ಬರುತ್ತದೆ,
ಅವನು ಒಂದು ಕಡೆ ಕೊಯ್ಯುತ್ತಾನೆ.
ಇನ್ನೊಂದು ಕಡೆ ಇನ್ನೊಬ್ಬನದು.
ಎಡಗೈಯ ಎರಡು ಬೆರಳು ಹೋದ ದಿನ
ಅರ್ಧ ದಿನದ ಕೂಲಿಯನ್ನೂ ಕಡಿದರು.
ಹೋದ ವರ್ಷ ಮಗಳು ಗಂಟಲಮಾರಿಗೆ ಹೋದಳು.
ಮಣ್ಣು ಮಾಡಲು ಬಂದ ಹೊಸ ಪಾದ್ರಿ, ಜರ್ಮನಿಯಲ್ಲಿ ಓದಿದವನು,
‘ಪುನರುತ್ಥಾನವೆಂಬುದು ಒಂದು ಬಗೆಯ ರೂಪಕ’ ಅಂದ,
ಐದು ವರ್ಷದವಳ ಪೆಟ್ಟಿಗೆಯ ಮುಂದೆ.

ರೂಪಕ.
ಅದನ್ನು ಟೋರ್ಲೈಫ್ ಮರೆಯಲಿಲ್ಲ.

ಅಕ್ಕ ತಂದ ಕರಡು ಹಾಳೆಯನ್ನು ರಾತ್ರಿ ದೀಪದಡಿ ಓದಿದ,
ರೈಲಿನ ವೇಳಾಪಟ್ಟಿ ಓದುವ ಹಾಗೆ,
ಉಳಿದ ಬೆರಳೊಂದನ್ನು ಸಾಲಿನ ಮೇಲಿಟ್ಟು:
ಇಷ್ಟು ದಿನಕ್ಕೆ ಲೋಕ, ಇಷ್ಟು ಮೊಳಕ್ಕೆ ನಾವೆ,
ಇಂಥ ಗಳಿಗೆಗೆ ಕೊನೆ.
ಕಾರ್ಖಾನೆಯ ಗಡಿಯಾರ ಕಲಿಸಿದ ಓದು ಅದು,
ಅವನಿಗೆ ಮುತ್ತಜ್ಜನ ಕಾಲದ್ದೆನಿಸಿತು.
ಹಳೆಯದೆಂದು ಅವನು ಎದೆಗವಚಿಕೊಂಡ ಹಾಳೆಯ
ಮಸಿ ಇನ್ನೂ ಒಣಗಿರಲಿಲ್ಲ.
ಅಂಗಿಗೆ ಹತ್ತಿತು.

*

ಅಜ್ಜಿ ಓಲಾವಾ ಲೊಫೊಟೆನ್ ದ್ವೀಪದ ಮೀನುಗಾರರ ಮನೆಯವಳು.
ಓದು ಬಾರದು. ಕಣ್ಣು ಹೋಗಿ ಏಳು ವರ್ಷ.
ಅವಳು ಯೋನನ ಕಥೆ ಹೇಳಿದಾಗಲೆಲ್ಲ ಮೀನು ಬದಲಾಗುತ್ತಿತ್ತು:
ಹಸಿವಿನ ವರ್ಷ ಬಡಕಲು ಕಾಡ್ ಮೀನು,
ಮದುವೆಯ ಮನೆಯಲ್ಲಿ ತಿಮಿಂಗಿಲ,
ಅಜ್ಜನ ದೋಣಿ ಮರಳದ ಚಳಿಗಾಲದಲ್ಲಿ
ಮೀನೇ ಇರಲಿಲ್ಲ, ಬರಿಯ ಬಾಯಿ.

‘ತಪ್ಪು, ಅಜ್ಜಿ. ಇಲ್ಲಿ ಹೀಗಿದೆ,’ ಅಂದ ಟೋರ್ಲೈಫ್.
ಮಕ್ಕಳು ಅವನ ಮುಖ ನೋಡಿದವು, ಆಮೇಲೆ ಅವಳದು.
ಅಜ್ಜಿ ಹೆಣಿಗೆಯ ಕಡ್ಡಿಗಾಗಿ ತಡಕಾಡಿದಳು.

ನಮ್ಮ ಮಾತಿನಲ್ಲಿ ಮೊಳೆಯೆಂದರೆ ಅಚ್ಚಿನದು,
ಗೋಡೆಗೆ ಹೊಡೆಯುವುದು, ಶಿಲುಬೆಗೆ ಹೊಡೆದದ್ದು.
ನೆನೆಹಾಕಿದ ಹೆಸರುಕಾಳಿನಿಂದ
ಬೆಳಗಿಗೆ ಇಣುಕುವುದೂ ಅದೇ.
ಟೋರ್ಲೈಫನಿಗೆ ಮೊದಲಿನವೇ ಸಾಕಾದವು. ನಾನು ಬೈಯಲಾರೆ:
ಕಾಲಕೆಳಗಿನದೆಲ್ಲ ಸರಪಳಿ ಹಿಡಿದು ಸರಿಯುವಾಗ
ಯಾವುದಾದರೊಂದನ್ನು ಬಡಿದು ನಿಲ್ಲಿಸಬೇಕೆನಿಸುತ್ತದೆ.
ಸುತ್ತಿಗೆಯೋ, ಅಂಚೆಯಲ್ಲಿ ಪುಕ್ಕಟೆ.
ಆದರೆ ಮೊಳೆ ಹೊಕ್ಕದ್ದು ಯಾರ ಅಂಗೈಗೆ
ಎಂದು ಮೊಳೆಗೆ ಗೊತ್ತಾಗುವುದಿಲ್ಲ.

*

ಮುರಿದ ಮೊಳೆ ಎಸೆಯುವ ಡಬ್ಬಿಗೆ
ಅಚ್ಚುಕೂಟದವರು ನರಕವೆನ್ನುತ್ತಾರೆ.
ತುಂಬಿದಾಗ ಕರಗಿಸುತ್ತಾರೆ.
ನಿನ್ನೆಯ ಆಮೆನ್ ನಾಳೆ ಸಾಬೂನಿನ ಜಾಹೀರಾತು.

ಶನಿವಾರ ಸಂಜೆ ರಾಗ್ನಾ ಅದರಿಂದ
ಒಂದು ಪ್ರಶ್ನೆಚಿಹ್ನೆ ಕದ್ದಳು,
ಭಿತ್ತಿಪತ್ರದ ದೊಡ್ಡ ಅಳತೆಯದು, ಬುಡದ ಚುಕ್ಕೆ ಮುರಿದದ್ದು.
ಅಜ್ಜಿಯ ಅಂಗೈಯಲ್ಲಿಟ್ಟಳು.

ಓಲಾವಾ ಹೆಬ್ಬೆರಳಾಡಿಸಿದಳು,
ಬಾಗು ಹುಡುಕಿದಳು, ತುದಿ ಹುಡುಕಿದಳು.
‘ಗಾಳ,’ ಅಂದಳು. ‘ಆದರೆ ಮುಳ್ಳಿಲ್ಲ ಇದಕ್ಕೆ.
ಸಿಕ್ಕ ಮೀನು ಬಿಡಿಸಿಕೊಂಡು ಹೋಗುತ್ತದೆ.’

ಒಳಕೋಣೆಯಲ್ಲಿ ಟೋರ್ಲೈಫ್ ಗಟ್ಟಿಯಾಗಿ ಓದುತ್ತಿದ್ದ.

‘ಹೋಗಲಿ ಬಿಡು,’ ಅಂದಳು,
ಮುಷ್ಟಿ ಮುಚ್ಚಿದಳು.